ಹನ್ನೆರಡು ಕಿಲೋ ದೋಣಿಯ ಲೆಕ್ಕ

1883ರಲ್ಲಿ ಜಾರ್ಜ್ ವಾಷಿಂಗ್ಟನ್ ಸಿಯರ್ಸ್ ಎಂಬ ಅಮೆರಿಕದ ಲೇಖಕ ನ್ಯೂಯಾರ್ಕ್ ರಾಜ್ಯದ ಅಡಿರಾಂಡ್ಯಾಕ್ ಬೆಟ್ಟಸೀಮೆಯ ಸರೋವರಗಳಲ್ಲಿ 266 ಮೈಲಿ ದೋಣಿಯಾನ ಮಾಡಿದ. ಅವನು ಕೂತಿದ್ದ ಕ್ಯಾನೂ (ಹುಟ್ಟು ಹಾಕಿ ಸಾಗಿಸುವ ಕಿರಿದಾದ ದೋಣಿ) ಒಂಬತ್ತು ಅಡಿ ಉದ್ದದ್ದು; ತೂಕ ಹತ್ತೂವರೆ ಪೌಂಡ್, ಅಂದರೆ ಐದು ಕಿಲೋಗಿಂತಲೂ ಕಡಿಮೆ. ಕ್ಯಾಂಟನ್ ಎಂಬ ಊರಿನ ಜೆ. ಹೆನ್ರಿ ರಶ್ಟನ್ ಅದನ್ನು ಬಿಳಿ ಸೀಡರ್ ಮರದ ತೆಳು ಹಲಗೆಗಳಿಂದ, ಒಂದರ ಅಂಚಿನ ಮೇಲೆ ಇನ್ನೊಂದರ ಅಂಚು ಬರುವಂತೆ ಹೊದಿಸಿ ಕಟ್ಟಿದ್ದ. ಎಪಾಕ್ಸಿ ಎಂಬ ಗಟ್ಟಿಯಾಗುವ ರಾಳವೂ ಇಲ್ಲ, ಫೈಬರ್‌ಗ್ಲಾಸ್ ಎಂಬ ಗಾಜಿನ ನಾರಿನ ಬಟ್ಟೆಯೂ ಇಲ್ಲ. ಮರ, ಮೊಳೆ, ಕೈಚಳಕ ಅಷ್ಟೇ. ‘ಸೇರಿ ಗ್ಯಾಂಪ್’ ಎಂಬ ಹೆಸರಿನ ಆ ದೋಣಿ ಈಗ ಸ್ಮಿತ್ಸೋನಿಯನ್ ಸಂಸ್ಥೆಯ ಸ್ವತ್ತು.

ಹಗುರ ದೋಣಿಯ ಕನಸು ಕಾಣುವವರೆಲ್ಲ ಈ ಕಥೆಯನ್ನು ಹೇಳುತ್ತಾರೆ. ಆದರೆ ಸಿಯರ್ಸ್ ಐವತ್ತು ಕಿಲೋ ಆಸುಪಾಸಿನ ಸಣ್ಣಾಳು ಎಂಬುದನ್ನು ಹೇಳಲು ಮರೆಯುತ್ತಾರೆ. ಎಪ್ಪತ್ತೈದು ಕಿಲೋ ತೂಗುವವರು ಊಟ, ಹಾಸಿಗೆ, ಗುಡಾರ ಸಮೇತ ಅದೇ ದೋಣಿಯಲ್ಲಿ ಕೂತರೆ ನೀರು ಮೇಲಂಚಿನವರೆಗೆ ಬಂದು ವಿಚಾರಿಸಿಕೊಳ್ಳುತ್ತದೆ. ಮನೆಯಲ್ಲೇ ಮೊದಲ ಸಲ ದೋಣಿ ಕಟ್ಟುವ ಸಾಧಾರಣ ಮೈಕಟ್ಟಿನ ಮನುಷ್ಯ ಇಟ್ಟುಕೊಳ್ಳಬಹುದಾದ ಗುರಿ ಹನ್ನೆರಡು ಕಿಲೋ. ನಾಲ್ಕು ಮೀಟರ್ ಉದ್ದದ, ಒಬ್ಬರಿಗೆ ಸಾಕಾಗುವ, ಒಂದೇ ಹೆಗಲ ಮೇಲೆ ಹೊತ್ತು ನಡೆಯಬಹುದಾದ ಮರದ ಕ್ಯಾನೂ. ಜೊತೆಗಾರರಿಲ್ಲದೆ ಹೋಗುವವರಿಗೆ ತೂಕವೇ ಮೊದಲ ಪ್ರಶ್ನೆ. ಇಬ್ಬರ ದೋಣಿ ಮೂವತ್ತು ಕಿಲೋ ಇದ್ದರೂ ಇನ್ನೊಂದು ತುದಿ ಹಿಡಿಯಲು ಒಬ್ಬರಿರುತ್ತಾರೆ. ಒಂಟಿ ದೋಣಿಯಲ್ಲಿ ಎರಡೂ ತುದಿ ನಿಮ್ಮವೇ.

ಇಂಥ ದೋಣಿಯನ್ನು ಯಾವುದೋ ಒಂದು ಅದ್ಭುತ ವಸ್ತು ಹಗುರ ಮಾಡುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವ ಹಾಗಿಲ್ಲ. ತೂಕ ಇಳಿಯುವುದು ಲೆಕ್ಕ ಇಟ್ಟವರಿಗೆ. ಆ ಲೆಕ್ಕವನ್ನು ಬಿಡಿಸಿ ನೋಡಿದರೆ ತೂಕ ಕೂಡಿಕೊಳ್ಳುವ ಜಾಗ ನಾವು ಅಂದುಕೊಂಡದ್ದಲ್ಲ ಎಂಬುದೂ ತಿಳಿಯುತ್ತದೆ.

ಪಟ್ಟಿ ಜೋಡಿಸಿ ಕಟ್ಟುವ ವಿಧಾನ

ಮನೆಯಲ್ಲಿ ಮರದ ಕ್ಯಾನೂ ಕಟ್ಟಲು ಮುಖ್ಯವಾಗಿ ಮೂರು ದಾರಿಗಳಿವೆ. ಪ್ಲೈವುಡ್ ತುಂಡುಗಳನ್ನು ಕತ್ತರಿಸಿ, ಅಂಚುಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದುಗಳಿಗೆ ಎಪಾಕ್ಸಿ ಮೆತ್ತುವುದು ಒಂದು. ಇದು ಬೇಗ ಮುಗಿಯುತ್ತದೆ, ಆದರೆ ಪ್ಲೈವುಡ್ ಒಂದೇ ದಿಕ್ಕಿಗೆ ಬಾಗುವುದರಿಂದ ದೋಣಿಗೆ ಮೂಲೆಗಳು ಉಳಿಯುತ್ತವೆ. ತೆಳುವಾದ ಮರದ ಕಡ್ಡಿಗಳ ಹಂದರ ಕಟ್ಟಿ ಮೇಲೆ ಬಟ್ಟೆ ಬಿಗಿಯುವುದು ಇನ್ನೊಂದು. ಅಮೆರಿಕದ ಪ್ಲಾಟ್ ಮಾನ್ಫೋರ್ಟ್ ಎಂಬ ವಿನ್ಯಾಸಕಾರರು ಹಂದರಕ್ಕೆ ಕೆವ್ಲಾರ್ ಎಂಬ ಬಲು ಗಟ್ಟಿಯಾದ ಕೃತಕ ನಾರಿನ ಎಳೆಗಳನ್ನು ಕರ್ಣರೇಖೆಯಲ್ಲಿ ಬಿಗಿದು, ಮೇಲೆ ಬಿಸಿಗೆ ಕುಗ್ಗುವ ಡೇಕ್ರಾನ್ ಎಂಬ ಪಾಲಿಯೆಸ್ಟರ್ ಬಟ್ಟೆ ಹೊದಿಸಿ ಈ ವಿಧಾನವನ್ನು ನಂಬಲಾಗದಷ್ಟು ಹಗುರ ಮಾಡಿ ತೋರಿಸಿದರು. ಬರೀ ತೂಕವನ್ನೇ ನೋಡುವುದಾದರೆ ಅದನ್ನು ಮೀರಿಸುವುದು ಕಷ್ಟ. ಚೂಪು ಕಲ್ಲುಗಳಿರುವ ನೀರಿಗೆ ಮಾತ್ರ ಅದನ್ನು ಒಯ್ಯಬಾರದು.

ಮೂರನೆಯದು ಪಟ್ಟಿ ವಿಧಾನ. ಬೆರಳಗಲದ ಉದ್ದನೆಯ ಮರದ ಪಟ್ಟಿಗಳನ್ನು ಅಚ್ಚಿನ ಮೇಲೆ ಒಂದರ ಪಕ್ಕ ಒಂದು ಅಂಟಿಸಿ, ನುಣುಪು ಮಾಡಿ, ಒಳಗೂ ಹೊರಗೂ ಗಾಜಿನ ನಾರಿನ ಬಟ್ಟೆ ಹಾಸಿ ಎಪಾಕ್ಸಿ ಕುಡಿಸುವುದು. ಬೇಕಾದ ಯಾವ ಬಾಗನ್ನಾದರೂ ಇದರಲ್ಲಿ ತರಬಹುದು, ಉಪಕರಣಗಳೂ ಹೆಚ್ಚು ಬೇಡ. ಇಲ್ಲಿ ವಿವರಿಸುತ್ತಿರುವುದು ಇದನ್ನೇ.

ಈ ವಿಧಾನದಲ್ಲಿ ಮರದ ಪಾತ್ರವೇನು ಎಂಬುದು ಅರ್ಥವಾದರೆ ಮಿಕ್ಕದ್ದೆಲ್ಲ ಸುಲಭ. ಹಳೆಯ ದೋಣಿಗಳಲ್ಲಿ ಬಲವೆಲ್ಲ ಹಲಗೆಯದು ಮತ್ತು ಒಳಗಿನ ಪಕ್ಕೆಲುಬುಗಳದು. ಇಲ್ಲಿ ಪಕ್ಕೆಲುಬು ಇಲ್ಲ. ಎರಡು ತೆಳುವಾದ ಗಾಜಿನ ಪದರಗಳು, ಅವುಗಳ ನಡುವೆ ಮರ. ಕಲ್ಲೊಂದು ಹೊರಗಿನಿಂದ ಒತ್ತಿದಾಗ ಹೊರಪದರ ಕುಗ್ಗಲು ನೋಡುತ್ತದೆ, ಒಳಪದರ ಹಿಗ್ಗಲು ನೋಡುತ್ತದೆ. ಎರಡೂ ಒಪ್ಪುವುದಿಲ್ಲ, ಆದ್ದರಿಂದ ಒಡಲು ಬಾಗುವುದಿಲ್ಲ. ಈ ಎರಡು ಪದರಗಳನ್ನು ಒಂದರಿಂದ ಒಂದು ದೂರ ಇಡುವುದು ಮರದ ದೊಡ್ಡ ಕೆಲಸ. ಪಟ್ಟಿಯ ಉದ್ದಕ್ಕೆ ಅದು ತನ್ನ ಪಾಲಿನ ಗಡಸನ್ನೂ ಕೊಡುತ್ತದೆ. ಪಟ್ಟಿಗೆ ಅಡ್ಡಲಾಗಿ ಮಾತ್ರ ಮರ ಕಡ್ಡಿಯಂತೆ ಸೀಳುವ ವಸ್ತು; ಅಲ್ಲಿ ಭಾರ ಹೊರುವುದು ಬಟ್ಟೆ.

ದಪ್ಪದ ವಿಷಯದಲ್ಲಿ ಎಚ್ಚರ ಬೇಕಾಗಿರುವುದು ಇದಕ್ಕೇ. ಸಾಮಾನ್ಯ ಪಟ್ಟಿಯ ದಪ್ಪ 6 ಮಿ.ಮೀ. ಹಗುರ ದೋಣಿಗೆ 4.8 ಮಿ.ಮೀ. ಬಳಸುತ್ತಾರೆ. ಮರದ ತೂಕ ಶೇ 20 ಇಳಿಯುತ್ತದೆ. ಆದರೆ ಪದರಗಳ ನಡುವಿನ ದೂರ ಕಡಿಮೆಯಾದಂತೆ ಬಾಗುವಿಕೆಯ ವಿರುದ್ಧದ ಗಡಸುತನ ಆ ದೂರದ ವರ್ಗದಂತೆ ಇಳಿಯುತ್ತದೆ; ಅಂದರೆ ಸುಮಾರು ಮೂರನೇ ಒಂದು ಪಾಲು ಹೋಯಿತು. ಒಬ್ಬರೇ ಕೂರುವ ಸಣ್ಣ ದೋಣಿ ಇದನ್ನು ತಡೆದುಕೊಳ್ಳುತ್ತದೆ. ಇನ್ನೂ ತೆಳು ಮಾಡುತ್ತೇನೆ ಎಂದು ಹೊರಟರೆ ಉಳಿಯುವ ಗ್ರಾಂಗಳು ಸಣ್ಣವು, ಕಳೆಯುವ ಗಡಸು ದೊಡ್ಡದು.

ತೂಕ ಎಲ್ಲಿದೆ?

ನಾಲ್ಕು ಮೀಟರ್ ಉದ್ದ, ನಡುವಿನಲ್ಲಿ ಎಪ್ಪತ್ತು ಸೆಂಟಿಮೀಟರ್ ಅಗಲ ಇರುವ ಕ್ಯಾನೂವಿನ ಒಡಲನ್ನು ಬಿಚ್ಚಿ ಹಾಸಿದರೆ ಸುಮಾರು ಮೂರೂವರೆ ಚದರ ಮೀಟರ್ ಆಗುತ್ತದೆ. ಕೆಂಪು ಸೀಡರ್‌ನ ಒಂದು ಘನ ಮೀಟರ್ ಒಣಮರ ಸರಿಸುಮಾರು 370 ಕಿಲೋ. 6 ಮಿ.ಮೀ. ಪಟ್ಟಿಯಾದರೆ ಮರದ ತೂಕ 7.8 ಕಿಲೋ ಆಯಿತು. ಚದರ ಮೀಟರಿಗೆ 200 ಗ್ರಾಂ ತೂಗುವ ಬಟ್ಟೆಯನ್ನು ಎರಡೂ ಬದಿ ಹಾಸಿದರೆ 1.4 ಕಿಲೋ. ಅದಕ್ಕೆ ಕುಡಿಸಿ ಮೇಲೆ ಇನ್ನೆರಡು ಕೈ ಬಳಿಯುವ ಎಪಾಕ್ಸಿ 2.8 ಕಿಲೋ. ಮೇಲಂಚಿನ ಪಟ್ಟಿಗಳು ಮತ್ತು ತುದಿಯ ಮುಚ್ಚಿಗೆಗಳು ಆಶ್‌ನಂಥ ಗಟ್ಟಿಮರದಲ್ಲಾದರೆ 3 ಕಿಲೋ. ಆಸನ, ಅಡ್ಡದಂಡ 1.2 ಕಿಲೋ, ವಾರ್ನಿಷ್ 400 ಗ್ರಾಂ. ಕೂಡಿದರೆ ಹದಿನಾರೂವರೆ ಕಿಲೋ ದಾಟುತ್ತದೆ.

ಅದೇ ದೋಣಿಯನ್ನು ಹಗುರಗೊಳಿಸೋಣ. 4.8 ಮಿ.ಮೀ. ಪಟ್ಟಿಯಿಂದ ಮರ 6.2 ಕಿಲೋಗೆ ಇಳಿಯುತ್ತದೆ. 135 ಗ್ರಾಂ ಬಟ್ಟೆಯಾದರೆ 950 ಗ್ರಾಂ. ತೆಳುಬಟ್ಟೆ ಕಡಿಮೆ ಕುಡಿಯುತ್ತದೆ. ಕೈ ಬಿಗಿಹಿಡಿದರೆ ಎಪಾಕ್ಸಿ 1.9 ಕಿಲೋದಲ್ಲಿ ಮುಗಿಯುತ್ತದೆ. ಅಂಚುಪಟ್ಟಿಗಳನ್ನು ಸ್ಪ್ರೂಸ್ ಮರದಲ್ಲಿ ಮಾಡಿ, ಮುಚ್ಚಿಗೆಗಳನ್ನು ಅಂಗೈಯಷ್ಟಕ್ಕೆ ಇಳಿಸಿದರೆ 1.7 ಕಿಲೋ. ಆಸನ ಮತ್ತು ದಂಡ 800 ಗ್ರಾಂ, ವಾರ್ನಿಷ್ 350. ಒಟ್ಟು 11.9 ಕಿಲೋ.

ಉಳಿತಾಯವಾದದ್ದು 4.7 ಕಿಲೋ. ಅದರಲ್ಲಿ ಒಡಲಿನ ಮರ ಕೊಟ್ಟದ್ದು 1.6 ಕಿಲೋ ಮಾತ್ರ. ಅಂಚುಪಟ್ಟಿ, ಆಸನಗಳಂಥ ಬಿಡಿಭಾಗಗಳು ಅಷ್ಟೇ ಕೊಟ್ಟವು, ಒಂದು ಹಿಡಿ ಹೆಚ್ಚೇ. ಮಿಕ್ಕದ್ದು ಬಟ್ಟೆ ಮತ್ತು ಎಪಾಕ್ಸಿಯದು. ಇದು ಅಂದಾಜಿನ ಲೆಕ್ಕ, ದೋಣಿಯಿಂದ ದೋಣಿಗೆ ಅಂಕಿಗಳು ಬದಲಾಗುತ್ತವೆ. ಆದರೆ ಪಾಲುಗಳು ಹೀಗೇ ಇರುತ್ತವೆ. ತಿಂಗಳುಗಟ್ಟಲೆ ಹಗುರ ಮರ ಹುಡುಕಿ, ಕೊನೆಯಲ್ಲಿ ಚೆಂದಕ್ಕೆಂದು ಎರಡು ಬೆರಳು ದಪ್ಪದ ಗಟ್ಟಿಮರದ ಅಂಚು ಕೂರಿಸುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಹಾಗೆಂದು ಮರದ ಆಯ್ಕೆ ಅಮುಖ್ಯವಲ್ಲ. ದೋಣಿಗೆ ತೇಗ ಎಂದು ಹಿರಿಯರು ಹೇಳುವುದು ಪಕ್ಕೆಲುಬಿನ ಭಾರೀ ದೋಣಿಗಳಿಗೆ ಸರಿ. ಘನ ಮೀಟರಿಗೆ 650 ಕಿಲೋ ತೂಗುವ ತೇಗದಲ್ಲಿ 6 ಮಿ.ಮೀ. ಒಡಲು ಕಟ್ಟಿದರೆ ಮರವೊಂದೇ ಹದಿಮೂರೂವರೆ ಕಿಲೋ. ಅದರ ಮೈಯಲ್ಲಿರುವ ಎಣ್ಣೆ ಅಂಟಿಗೂ ಒಗ್ಗುವುದಿಲ್ಲ. ಮರ ಕೊಳೆಯದಿರುವ ಗುಣಕ್ಕೆ ಇಲ್ಲಿ ಹೆಚ್ಚು ಬೆಲೆ ಇಲ್ಲ, ಏಕೆಂದರೆ ನೀರು ಅದನ್ನು ಮುಟ್ಟುವುದೇ ಇಲ್ಲ. ಬೇಕಾಗಿರುವುದು ಹಗುರ, ಗಂಟಿಲ್ಲದ, ನೇರ ಎಳೆಯ, ಸುಲಭವಾಗಿ ಬಾಗುವ ಮರ. ಸೀಡರ್ ಜನಪ್ರಿಯವಾದದ್ದು ಈ ಕಾರಣಕ್ಕೆ. ಪಾಲೋನಿಯಾ ಇನ್ನೂ ಹಗುರ, ಘನ ಮೀಟರಿಗೆ ಮುನ್ನೂರು ಕಿಲೋಗಿಂತ ಕಡಿಮೆ. ಆದರೆ ಮೃದು, ಬೇಗ ಜಜ್ಜಿಹೋಗುತ್ತದೆ. ಸ್ಪ್ರೂಸ್, ಹಗುರ ಜಾತಿಯ ಪೈನ್ ಕೂಡ ನಡೆಯುತ್ತವೆ. ಪರಿಚಯವಿಲ್ಲದ ಮರವಾದರೆ ಒಂದು ತುಂಡು ಕತ್ತರಿಸಿ, ಅಳೆದು, ತೂಗಿ, ಸಾಂದ್ರತೆಯನ್ನು ನೀವೇ ಕಂಡುಕೊಳ್ಳಿ. ಅಂಗಡಿಯವನ ಮಾತಿಗಿಂತ ಅಡುಗೆಮನೆಯ ತಕ್ಕಡಿ ನಂಬಿಕಸ್ಥ.

ಆಕಾರ

ಮೊದಲ ದೋಣಿಯ ನಕ್ಷೆಯನ್ನು ಸ್ವಂತವಾಗಿ ಬರೆಯಬೇಡಿ. ನೀರಿನಲ್ಲಿ ಪರೀಕ್ಷೆಯಾದ ವಿನ್ಯಾಸಗಳ ಪೂರ್ಣ ಅಳತೆಯ ನಕ್ಷೆಗಳು ಸಿಗುತ್ತವೆ. ಆದರೆ ಯಾವುದನ್ನು ಆರಿಸಬೇಕು ಎಂಬುದಕ್ಕೆ ಸ್ವಲ್ಪ ಭೌತಶಾಸ್ತ್ರ ಬೇಕು.

ದೋಣಿಯ ಮತ್ತು ನಿಮ್ಮ ಒಟ್ಟು ತೂಕ ನೂರು ಕಿಲೋ ಆದರೆ ಅದು ನೂರು ಲೀಟರ್ ನೀರನ್ನು ಸರಿಸಲೇಬೇಕು. ನಾಲ್ಕು ಮೀಟರ್ ಉದ್ದದ ಒಡಲು ಇದಕ್ಕಾಗಿ ಸುಮಾರು ಹತ್ತು ಸೆಂಟಿಮೀಟರ್ ಮುಳುಗುತ್ತದೆ. ನಕ್ಷೆಯ ಜೊತೆ ಕೊಡುವ ತೂಕದ ಮಿತಿಯ ಮೇಲ್ತುದಿಯನ್ನೇ ನೋಡಬೇಡಿ, ಕೆಳತುದಿಯನ್ನೂ ನೋಡಿ. ಭಾರ ಕಡಿಮೆಯಾದ ದೋಣಿ ನೀರಿನ ಮೇಲೆ ಎತ್ತರಕ್ಕೆ ಕೂತು ಗಾಳಿಯ ಆಟಿಕೆಯಾಗುತ್ತದೆ.

ಉದ್ದ ಹೆಚ್ಚಿದಷ್ಟೂ ವೇಗ ಎಂಬುದು ಅರ್ಧ ಸತ್ಯ. ದೋಣಿ ತಾನೇ ಎಬ್ಬಿಸುವ ಅಲೆಯ ಗುಂಡಿಗೆ ಬೀಳದೆ ಸಾಗುವ ವೇಗದ ಮಿತಿಗೆ ಒಂದು ಒರಟು ಸೂತ್ರವಿದೆ: ನೀರುಗೆರೆಯ (ನೀರಿನ ಮಟ್ಟ ಒಡಲನ್ನು ಮುಟ್ಟುವ ಗೆರೆಯ) ಉದ್ದವನ್ನು ಮೀಟರಿನಲ್ಲಿ ಹಿಡಿದರೆ ಅದರ ವರ್ಗಮೂಲದ ನಾಲ್ಕೂವರೆ ಪಟ್ಟು. ನಾಲ್ಕು ಮೀಟರಿಗೆ ಗಂಟೆಗೆ ಒಂಬತ್ತು ಕಿ.ಮೀ. ಬಂತು. ಒಬ್ಬರು ಆರಾಮವಾಗಿ ಹುಟ್ಟು ಹಾಕುತ್ತ ಸಾಗುವುದು ಐದಾರು ಕಿ.ಮೀ. ವೇಗದಲ್ಲಿ. ಆ ವೇಗದಲ್ಲಿ ನಿಮ್ಮನ್ನು ತಡೆಯುವುದು ಅಲೆಗಿಂತ ಹೆಚ್ಚಾಗಿ ಒಡಲಿಗೆ ಉಜ್ಜುವ ನೀರು. ಒದ್ದೆಯಾಗುವ ಮೈ ಕಡಿಮೆಯಿದ್ದಷ್ಟೂ ಒಳ್ಳೆಯದು. ಐದು ಮೀಟರ್ ದೋಣಿ ಬೇಕಾಗುವುದು ಪಂದ್ಯದವರಿಗೆ.

ಅಲುಗಾಟದ ಭಯ ಎಲ್ಲರಿಗೂ ಇರುತ್ತದೆ. ಇದರಲ್ಲಿ ಅಗಲದ ಪ್ರಭಾವ ಅದರ ಘನದಂತೆ ಹೆಚ್ಚುತ್ತದೆ: ನೀರುಗೆರೆಯಲ್ಲಿ ಅಗಲ ಶೇ 5 ಹೆಚ್ಚಿದರೆ ಒಡಲು ನೆಟ್ಟಗೆ ನಿಲ್ಲುವ ಶಕ್ತಿ ಶೇ 16ರಷ್ಟು ಹೆಚ್ಚುತ್ತದೆ. ಆದರೆ ಅಗಲಕ್ಕಿಂತ ಅಗ್ಗದ ಮದ್ದು ಆಸನವನ್ನು ತಗ್ಗಿಸುವುದು. ದೋಣಿಯೇ ಹನ್ನೆರಡು ಕಿಲೋ ಇರುವಾಗ ಒಟ್ಟು ಗುರುತ್ವಕೇಂದ್ರವನ್ನು ನಿರ್ಧರಿಸುವುದು ಕೂತವರ ಮೈ. ಕೆಲವೇ ಸೆಂಟಿಮೀಟರ್ ಕೆಳಗಿಳಿದರೂ ದೋಣಿಯ ಸ್ವಭಾವವೇ ಬದಲಾಗುತ್ತದೆ. ಎರಡೂ ತುದಿಯಲ್ಲಿ ಅಲಗಿರುವ ಹುಟ್ಟು ಬಳಸುವವರು ತಳಕ್ಕೆ ಹತ್ತಿರ ಕೂತು ಕಾಲು ಚಾಚಬಹುದು. ಒಂಟಿ ಅಲಗಿನ ಹುಟ್ಟಿನವರು ಮಂಡಿಯೂರಲು ಆಸನ ಎತ್ತರದಲ್ಲಿರಬೇಕು, ಅವರ ಒಡಲು ಅದಕ್ಕೆ ತಕ್ಕಂತೆ ಸ್ವಲ್ಪ ಅಗಲವಾಗಿರಬೇಕು. ನಡುಭಾಗದಲ್ಲಿ ಪಕ್ಕೆಗಳ ಮೇಲಂಚು ಒಳಕ್ಕೆ ಬಾಗಿರುವ ವಿನ್ಯಾಸ ನೋಡಲು ಚೆಂದ, ಹುಟ್ಟು ಹಾಕುವ ಕೈಗೂ ಅನುಕೂಲ. ಪಟ್ಟಿ ಜೋಡಿಸುವಾಗ ಅದೇ ಬಾಗು ನಿಮ್ಮ ತಾಳ್ಮೆ ಪರೀಕ್ಷಿಸುತ್ತದೆ ಎಂಬುದನ್ನು ಈಗಲೇ ತಿಳಿದಿರಿ.

ಅಚ್ಚು ಮತ್ತು ಪಟ್ಟಿ

ದೋಣಿಯನ್ನು ತಲೆಕೆಳಗಾಗಿ ಕಟ್ಟುತ್ತಾರೆ. ನೆಟ್ಟಗಿನ, ತಿರುಚದ ಒಂದು ಉದ್ದನೆಯ ಪೆಟ್ಟಿಗೆತೊಲೆ. ಅದರ ಮೇಲೆ ಮೂವತ್ತು ಸೆಂಟಿಮೀಟರಿಗೊಂದರಂತೆ ಪ್ಲೈವುಡ್ಡಿನ ಅಡ್ಡ ಅಚ್ಚುಗಳು. ಪ್ರತಿ ಅಚ್ಚೂ ಆ ಜಾಗದಲ್ಲಿ ದೋಣಿಯನ್ನು ಅಡ್ಡಕ್ಕೆ ಕೊಯ್ದರೆ ಕಾಣುವ ಆಕಾರ. ನಕ್ಷೆಯ ಗೆರೆ ಒಡಲಿನ ಹೊರಮೈಯದೋ ಒಳಮೈಯದೋ ಎಂದು ಮೊದಲೇ ನೋಡಿಕೊಳ್ಳಬೇಕು. ಹೊರಮೈಯದಾದರೆ ಪಟ್ಟಿಯ ದಪ್ಪವನ್ನು ಕಳೆದು ಅಚ್ಚು ಕತ್ತರಿಸಬೇಕು. ಅಚ್ಚುಗಳ ನಡುಗೆರೆಗಳೆಲ್ಲ ಬಿಗಿದ ದಾರವೊಂದರ ಕೆಳಗೆ ಸಾಲಾಗಿ ನಿಲ್ಲುವವರೆಗೆ ಪಟ್ಟಿ ಮುಟ್ಟಬೇಡಿ. ಇಲ್ಲಿ ಓರೆಯಾದ ದೋಣಿ ಜೀವಮಾನವಿಡೀ ಒಂದು ಪಕ್ಕಕ್ಕೆ ಎಳೆಯಬಹುದು. ಅಚ್ಚಿನ ಅಂಚುಗಳಿಗೆ ಪ್ಲಾಸ್ಟಿಕ್ ಟೇಪ್ ಸುತ್ತಿ. ಇಲ್ಲದಿದ್ದರೆ ದೋಣಿ ಮತ್ತು ಅಚ್ಚು ಶಾಶ್ವತವಾಗಿ ಒಂದಾಗುತ್ತವೆ.

ಪಟ್ಟಿಗಳನ್ನು ಹಲಗೆಯಿಂದ ಕೊಯ್ಯುವಾಗ ಗರಗಸದ ಅಲಗು ನುಂಗುವ ಮರವನ್ನೂ ಎಣಿಸಿ. ಮೂರು ಮಿಲಿಮೀಟರ್ ಅಲಗಿನಿಂದ ಆರು ಮಿಲಿಮೀಟರ್ ಪಟ್ಟಿ ಕೊಯ್ದರೆ ಮೂರನೇ ಒಂದು ಭಾಗ ಹುಡಿಯಾಗುತ್ತದೆ. ತೆಳು ಅಲಗು ಬೇಗ ತನ್ನ ಬೆಲೆ ತೀರಿಸುತ್ತದೆ. ಪಟ್ಟಿಯ ಒಂದು ಅಂಚನ್ನು ಉಬ್ಬಾಗಿ, ಇನ್ನೊಂದನ್ನು ತಗ್ಗಾಗಿ ಕೊರೆದರೆ ಬಾಗಿನಲ್ಲೂ ಒಂದರೊಳಗೊಂದು ಕೂರುತ್ತವೆ. ಇಂಥ ಅಂಚು ಕೊರೆಯಲು ರೌಟರ್ ಯಂತ್ರ ಬೇಕು. ಯಂತ್ರವಿಲ್ಲದವರು ಪ್ರತಿ ಪಟ್ಟಿಯ ಅಂಚನ್ನೂ ಕೀಸುಳಿಯಿಂದ ಓರೆ ಮಾಡಿ ಕೂರಿಸಬಹುದು. ನಿಧಾನ, ಆದರೆ ಸಂದು ಇನ್ನೂ ಬಿಗಿ. ನಡುವಿನಲ್ಲಿ ಒಡಲನ್ನು ಸುತ್ತಲು ಸುಮಾರು ಅರವತ್ತು ಪಟ್ಟಿ ಬೇಕಾಗುತ್ತವೆ. ಉದ್ದ ಸಾಲದಿದ್ದರೆ ದಪ್ಪದ ಎಂಟರಷ್ಟು ಉದ್ದಕ್ಕೆ ಓರೆ ಕೊಯ್ದು ಎರಡು ತುಂಡುಗಳನ್ನು ಅಂಟಿಸಿದರೆ ಆಯಿತು.

ಮೊದಲ ಪಟ್ಟಿಯ ದಾರಿ ಮಿಕ್ಕೆಲ್ಲ ಪಟ್ಟಿಗಳ ಹಣೆಬರಹ. ದೋಣಿಯ ಮೇಲಂಚು ತುದಿಗಳಲ್ಲಿ ಏರುತ್ತದೆ. ಆ ಏರನ್ನೇ ಪೂರ್ತಿ ಅನುಸರಿಸಿ ಮೊದಲ ಪಟ್ಟಿ ಹಾಕಿದರೆ, ತಳದ ಕಡೆಗೆ ಬರುವಷ್ಟರಲ್ಲಿ ಪಟ್ಟಿಗಳು ಅಗಲದ ದಿಕ್ಕಿಗೂ ಬಾಗಬೇಕು, ಜೊತೆಗೆ ತಿರುಚಲೂ ಬೇಕು. ಮರ ಅದಕ್ಕೆ ಒಪ್ಪುವುದಿಲ್ಲ. ನಡುವಿನಲ್ಲಿ ಮೇಲಂಚಿಗೆ ಹೊಂದಿಸಿ, ತುದಿಗಳಲ್ಲಿ ಪಟ್ಟಿಯನ್ನು ಅದರಿಷ್ಟಕ್ಕೆ ಸಾಗಲು ಬಿಟ್ಟು, ಉಳಿದ ಏರನ್ನು ಸಣ್ಣ ತುಂಡುಗಳಿಂದ ತುಂಬುವುದು ಜಾಣತನ.

ಪಟ್ಟಿಗಳನ್ನು ಅಚ್ಚಿಗೆ ಹಿಡಿಸಲು ಸ್ಟೇಪಲ್ ಹೊಡೆಯಬೇಕೇ ಬಾರದೇ ಎಂಬುದು ದೋಣಿ ಕಟ್ಟುವವರಲ್ಲಿ ಮುಗಿಯದ ಜಗಳ. ಸ್ಟೇಪಲ್ ಕಿತ್ತ ಮೇಲೆ ಚುಕ್ಕಿಗಳ ಸಾಲು ಉಳಿಯುತ್ತದೆ. ಅದು ಬೇಡವೆನ್ನುವವರು ಕ್ಲಾಂಪು, ಹಗ್ಗ, ಬಿಸಿಗೋಂದುಗಳ ಜೊತೆ ಗುದ್ದಾಡುತ್ತ ದಿನಕ್ಕೆ ನಾಲ್ಕೈದು ಪಟ್ಟಿ ಹಾಕುತ್ತಾರೆ. ಮೊದಲ ದೋಣಿಗೆ ನನ್ನ ಮತ ಸ್ಟೇಪಲ್‌ಗೆ. ನೀರಿನ ಮೇಲೆ ಆ ಚುಕ್ಕಿಗಳನ್ನು ಎಣಿಸುವವರು ಯಾರೂ ಇರುವುದಿಲ್ಲ.

ಪಟ್ಟಿಗಳ ನಡುವೆ ಬಡಗಿಗಳು ಬಳಸುವ ಸಾಮಾನ್ಯ ಬಿಳಿಗೋಂದು ಸಾಕು. ನೀರಿಗೆ ನಿಲ್ಲದ ಗೋಂದು ದೋಣಿಗೆ ಹೇಗೆ ಎಂದು ಕೇಳಬಹುದು. ಬಟ್ಟೆ ಹೊದಿಸುವವರೆಗೆ ಪಟ್ಟಿಗಳನ್ನು ಹಿಡಿದಿಡುವುದಷ್ಟೇ ಅದರ ಕೆಲಸ. ಆಮೇಲೆ ಅದು ನೀರು ಕಾಣುವುದಿಲ್ಲ. ಹೊರಬಂದ ಗೋಂದನ್ನು ಹಸಿ ಇರುವಾಗಲೇ ಒದ್ದೆಬಟ್ಟೆಯಿಂದ ಒರೆಸಿ. ಒಣಗಿದ ಗೋಂದಿನ ಕಲೆಯ ಮೇಲೆ ಎಪಾಕ್ಸಿ ಮರದೊಳಕ್ಕೆ ಇಳಿಯುವುದಿಲ್ಲ.

ಮೇಲ್ಮೈ ಸಮ ಮಾಡುವುದು ಕೀಸುಳಿಯ ಕೆಲಸ, ಆಮೇಲೆ ಉದ್ದನೆಯ ಹಲಗೆಗೆ ಅಂಟಿಸಿದ 80, 120ರ ಉಪ್ಪುಕಾಗದ. ಕತ್ತಲಲ್ಲಿ ದೀಪವನ್ನು ಒಡಲಿನ ಪಕ್ಕಕ್ಕೆ ತಗ್ಗಿಸಿ ಹಿಡಿದರೆ ಹಗಲಲ್ಲಿ ಕಾಣದ ಉಬ್ಬು ತಗ್ಗುಗಳು ನೆರಳಾಗಿ ಎದ್ದು ಕಾಣುತ್ತವೆ. ಕಣ್ಣಿಗಿಂತ ಅಂಗೈ ಚುರುಕು. ಆದರೆ ತೆಳುಪಟ್ಟಿಯ ದೋಣಿಯಲ್ಲಿ ಉಜ್ಜುವ ಉತ್ಸಾಹ ಅಪಾಯಕಾರಿ. ತಳ ಪಕ್ಕೆಗೆ ತಿರುಗುವ ಬಾಗಿನಲ್ಲಿ ಒಂದು ಮಿಲಿಮೀಟರ್ ಹೋಗುವುದು ಗೊತ್ತೇ ಆಗುವುದಿಲ್ಲ, 4.8 ಇದ್ದದ್ದು 3.8 ಆಗಿರುತ್ತದೆ. ಯಂತ್ರವನ್ನು ಅಲ್ಲಿಂದ ದೂರವಿಡಿ. ಕೆಂಪು ಸೀಡರ್‌ನ ಹುಡಿಯಲ್ಲಿ ಪ್ಲಿಕಾಟಿಕ್ ಆಮ್ಲವಿರುತ್ತದೆ, ಅದು ಆಸ್ತಮಾ ತರಬಲ್ಲದು. ಹುಡಿ ತಡೆಯುವ ಒಳ್ಳೆಯ ಮುಖಗವಸು ಇಲ್ಲದೆ ಉಜ್ಜಲು ಕೂರಬಾರದು.

ಎಪಾಕ್ಸಿಯ ದಿನ

ಎಲ್ಲರೂ ಹೆದರುವ ಹಂತ ಇದು. ಹೆದರಿಕೆ ಪೂರ್ತಿ ಸುಳ್ಳಲ್ಲ, ಏಕೆಂದರೆ ಇಲ್ಲಿ ಗಡಿಯಾರ ಓಡುತ್ತಿರುತ್ತದೆ.

ಎಪಾಕ್ಸಿ ಎರಡು ದ್ರವಗಳ ಸಂಗತಿ: ರಾಳ ಮತ್ತು ಗಟ್ಟಿಕಾರಕ. ಎರಡೂ ಬೆರೆತಾಗ ಒಂದರ ಅಣುಗಳು ಇನ್ನೊಂದರ ಅಣುಗಳಿಗೆ ಕೊಂಡಿಯಾಗಿ ಬಲೆ ಹೆಣೆಯುತ್ತವೆ. ಬಣ್ಣದಂತೆ ಅದು ಒಣಗುವುದಲ್ಲ, ರಾಸಾಯನಿಕವಾಗಿ ಕಟ್ಟಿಕೊಳ್ಳುವುದು. ಆದ್ದರಿಂದಲೇ ತಯಾರಕರು ಹೇಳಿದ ಪ್ರಮಾಣ ಕರಾರುವಾಕ್ಕಾಗಿರಬೇಕು. ಬೇಗ ಗಟ್ಟಿಯಾಗಲಿ ಎಂದು ಗಟ್ಟಿಕಾರಕ ಹೆಚ್ಚು ಸುರಿದರೆ ಜೋಡಿ ಸಿಗದ ಅಣುಗಳು ಉಳಿದು ಪದರ ಎಂದೆಂದಿಗೂ ಮೆತ್ತಗಿರುತ್ತದೆ. ಈ ಕ್ರಿಯೆಯಲ್ಲಿ ಶಾಖ ಹುಟ್ಟುತ್ತದೆ. ಲೋಟದ ತುಂಬ ಬೆರೆಸಿ ಇಟ್ಟರೆ ಶಾಖ ಹೊರಹೋಗಲು ದಾರಿಯಿಲ್ಲದೆ ಕ್ರಿಯೆ ಇನ್ನಷ್ಟು ಚುರುಕಾಗಿ, ಲೋಟವೇ ಹೊಗೆಯಾಡುತ್ತದೆ. ಸ್ವಲ್ಪ ಸ್ವಲ್ಪವೇ ಬೆರೆಸಿ, ತಕ್ಷಣ ಅಗಲವಾದ ತಟ್ಟೆಗೆ ಅಥವಾ ದೋಣಿಯ ಮೇಲೆಯೇ ಸುರಿದುಬಿಡಿ.

ಒಣ ಬಟ್ಟೆಯನ್ನು ಒಡಲಿನ ಮೇಲೆ ಹಾಸಿ ಕೈಯಿಂದ ಸವರಿದರೆ ನೇಯ್ಗೆ ಓರೆಯಾಗಿ ಸರಿದು ಬಾಗುಗಳಿಗೆ ತಾನೇ ಒಗ್ಗಿಕೊಳ್ಳುತ್ತದೆ. ಕತ್ತರಿ ಬೇಕಾಗುವುದು ಎರಡು ತುದಿಗಳಲ್ಲಿ ಮಾತ್ರ. ನಡುವಿನಿಂದ ಆರಂಭಿಸಿ ಎಪಾಕ್ಸಿ ಸುರಿದು ರಬ್ಬರ್ ಪಟ್ಟಿಯಿಂದ ಹರಡುತ್ತ ಹೋಗುವುದು. ಬಿಳಿಯ ಬಟ್ಟೆ ನೋಡನೋಡುತ್ತಿದ್ದಂತೆ ಮಾಯವಾಗಿ ಮರದ ಬಣ್ಣ ಎದ್ದು ಬರುತ್ತದೆ. ಗಾಜಿನ ಎಳೆಯೂ ಎಪಾಕ್ಸಿಯೂ ಬೆಳಕನ್ನು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬಾಗಿಸುವುದರಿಂದ ಅವೆರಡರ ಗಡಿ ಕಣ್ಣಿಗೆ ಕಾಣುವುದಿಲ್ಲ. ಎಳೆಗಳ ನಡುವೆ ಗಾಳಿ ಇದ್ದಾಗ ಮಾತ್ರ ಬಿಳಿ. ಇದೇ ನಿಮ್ಮ ಅಳತೆಗೋಲು. ಹಾಲಿನ ಮಸುಕು ಉಳಿದಲ್ಲಿ ಬಟ್ಟೆಗೆ ಇನ್ನೂ ಬೇಕು. ಕನ್ನಡಿಯಂತೆ ಹೊಳೆಯುವಲ್ಲಿ ಹೆಚ್ಚಾಗಿದೆ, ಬಟ್ಟೆ ಮರದಿಂದ ಮೇಲೆದ್ದು ತೇಲುತ್ತಿದೆ. ಸರಿಯಾಗಿ ಕುಡಿದ ಬಟ್ಟೆಯ ಮೈ ಮಂಕಾಗಿ, ನೇಯ್ಗೆಯ ಗೆರೆಗಳು ಸ್ಪಷ್ಟವಾಗಿ ಕಾಣುವಂತಿರುತ್ತದೆ. ಹೆಚ್ಚಾದದ್ದನ್ನು ಒತ್ತಿ ತೆಗೆದು ಹೊರಗೆ ಹಾಕಬೇಕು. ದುಡ್ಡು ಕೊಟ್ಟು ತಂದದ್ದನ್ನು ಎಸೆಯಲು ಮನಸ್ಸು ಬಾರದೆ ಅಲ್ಲೇ ಬಿಟ್ಟ ಎಪಾಕ್ಸಿಯೇ ಮುಂದೆ ನಿಮ್ಮ ಹೆಗಲ ಮೇಲಿನ ಅರ್ಧ ಕಿಲೋ. ಬಟ್ಟೆಯನ್ನು ತುಂಬಲು ಬೇಕಾದ್ದಕ್ಕಿಂತ ಹೆಚ್ಚಿನ ಎಪಾಕ್ಸಿ ಬಲ ಕೊಡುವುದಿಲ್ಲ.

ಹೊತ್ತಿನ ಆಯ್ಕೆಯೂ ಮುಖ್ಯ. ಮರದ ರಂಧ್ರಗಳಲ್ಲಿ ಗಾಳಿ ಇರುತ್ತದೆ. ಬೆಳಗ್ಗೆ ಎಪಾಕ್ಸಿ ಬಳಿದರೆ ಬಿಸಿಲೇರಿದಂತೆ ಆ ಗಾಳಿ ಹಿಗ್ಗಿ ಹಸಿ ಪದರದಲ್ಲಿ ಗುಳ್ಳೆಗಳನ್ನು ಎಬ್ಬಿಸುತ್ತದೆ. ಉಷ್ಣತೆ ಇಳಿಯತೊಡಗಿದ ಮೇಲೆ ಬಳಿದರೆ ಗಾಳಿ ಕುಗ್ಗಿ ಎಪಾಕ್ಸಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಕಾಯಿಸಿದ ಕೋಣೆಯಲ್ಲಾದರೆ ಕಾಯಿಸುವುದನ್ನು ನಿಲ್ಲಿಸಿ ಆರಂಭಿಸುವುದು ಇದಕ್ಕೇ.

ನೇಯ್ಗೆ ತುಂಬುವ ಮುಂದಿನ ಕೈಗಳನ್ನು ಹಿಂದಿನದು ಇನ್ನೂ ಹಸಿಯಾಗಿರುವಾಗಲೇ, ಬೆರಳಿಗೆ ಅಂಟಿಯೂ ಅಂಟದ ಹಂತದಲ್ಲಿ ಬಳಿದರೆ ಪದರಗಳು ರಾಸಾಯನಿಕವಾಗಿ ಬೆಸೆದುಕೊಳ್ಳುತ್ತವೆ. ಪೂರ್ತಿ ಗಟ್ಟಿಯಾಗಿಬಿಟ್ಟರೆ ಉಜ್ಜಿಯೇ ಮುಂದುವರಿಯಬೇಕು. ಹಲವು ಎಪಾಕ್ಸಿಗಳು ಗಟ್ಟಿಯಾಗುವಾಗ ಮೇಲೆ ಮೇಣದಂಥ ಪೊರೆ ಬಿಡುತ್ತವೆ. ಅದನ್ನು ಮೊದಲು ನೀರಿನಿಂದ ತೊಳೆದು ಆಮೇಲೆ ಉಜ್ಜಿ, ಇಲ್ಲವಾದರೆ ಉಪ್ಪುಕಾಗದ ಆ ಮೇಣವನ್ನೇ ಒಳಕ್ಕೆ ತಿಕ್ಕುತ್ತದೆ. ಹಗುರ ದೋಣಿಯ ಒಳಮೈಯಲ್ಲಿ ನೇಯ್ಗೆಯನ್ನು ಪೂರ್ತಿ ತುಂಬುವ ಅಗತ್ಯವೇ ಇಲ್ಲ. ಉಳಿದ ಒರಟು ಕಾಲಿಗೆ ಹಿಡಿತವಾಗುತ್ತದೆ, ತೂಕವೂ ಉಳಿಯಿತು.

ಚರ್ಮಕ್ಕೆ ಎಪಾಕ್ಸಿ ತಾಗಬಾರದು. ಮತ್ತೆ ಮತ್ತೆ ತಾಗಿದವರಿಗೆ ಅಲರ್ಜಿ ಹುಟ್ಟಿಕೊಳ್ಳಬಹುದು, ಹುಟ್ಟಿತೆಂದರೆ ಅದು ಹೋಗುವುದಿಲ್ಲ. ನೈಟ್ರೈಲ್ ಕೈಗವಸು ಹಾಕಿ. ತಾಗಿದರೆ ಥಿನ್ನರ್ ಮುಟ್ಟದೆ ಸೋಪು ನೀರಿನಲ್ಲಿ ತೊಳೆಯಿರಿ. ಥಿನ್ನರ್ ಅದನ್ನು ತೆಳುಮಾಡಿ ಚರ್ಮದೊಳಕ್ಕೆ ಕಳಿಸುತ್ತದೆ.

ಕೆವ್ಲಾರ್, ಕಾರ್ಬನ್ ಬಟ್ಟೆಗಳ ಬಗ್ಗೆ ಒಂದೇ ಮಾತು: ಎರಡೂ ಮರವನ್ನು ಮುಚ್ಚುತ್ತವೆ, ಕೆವ್ಲಾರ್ ಉಜ್ಜಿದರೆ ನಾರು ಎದ್ದು ನಿಲ್ಲುತ್ತದೆ, ಉಳಿತಾಯವಾಗುವ ತೂಕ ಅಲ್ಪ. ಗಾಜಿನ ಬಟ್ಟೆ ಸಾಕು.

ಅಚ್ಚಿನಿಂದ ಬಿಡಿಸಿದ ಮೇಲೆ

ಹೊರಬದಿ ಮುಗಿದ ಒಡಲನ್ನು ಅಚ್ಚಿನಿಂದ ಎತ್ತಿದಾಗ ನಿರಾಸೆಯಾಗುವುದು ಸಹಜ. ಒಳಪದರ ಇನ್ನೂ ಇಲ್ಲದಿರುವುದರಿಂದ ಅದು ಜೋಲಾಡುತ್ತದೆ, ಪಕ್ಕೆಗಳು ಹೊರಕ್ಕೆ ಹರಡುತ್ತವೆ. ಎತ್ತುವ ಮೊದಲೇ ಪ್ರತಿ ಅಚ್ಚಿನ ಬಳಿ ಅಗಲ ಅಳೆದು ಬರೆದಿಟ್ಟುಕೊಂಡು, ಅದೇ ಅಗಲಕ್ಕೆ ಕಟ್ಟಿ ನಿಲ್ಲಿಸಿ ಒಳಬದಿಯ ಕೆಲಸ ಮಾಡಬೇಕು. ಒಳಗಿನ ಗುಳಿಯನ್ನು ಕೀಸಲು ಬಾಗಿದ ಅಂಚಿನ ಉಕ್ಕಿನ ತಗಡು ಬೇಕು. ಇಡೀ ಕೆಲಸದಲ್ಲಿ ಅತ್ಯಂತ ಬೇಸರದ ಭಾಗ ಇದೇ. ಒಳಗಿನ ಬಟ್ಟೆ ಗಟ್ಟಿಯಾದ ಮರುದಿನ ಅದೇ ಒಡಲನ್ನು ಬೆರಳಿನಿಂದ ತಟ್ಟಿದರೆ ತಂಬಟೆಯ ದನಿ ಬರುತ್ತದೆ.

ಮೇಲಂಚಿಗೆ ಒಳಗೊಂದು, ಹೊರಗೊಂದು ಪಟ್ಟಿ ಬರುತ್ತದೆ. ಪಕ್ಕೆಗಳು ಹರಡದಂತೆ ಹಿಡಿಯುವುದು ಇವೇ. ಒಳಪಟ್ಟಿಯಲ್ಲಿ ಬೆರಳುದ್ದದ ಕಿಂಡಿಗಳನ್ನು ಬಿಟ್ಟರೆ ತೂಕ ಇಳಿಯುತ್ತದೆ, ದೋಣಿಯನ್ನು ಮಗುಚಿದಾಗ ನೀರು ಹರಿದುಹೋಗುತ್ತದೆ, ಸಾಮಾನು ಕಟ್ಟಲು ಜಾಗವೂ ಆಯಿತು. ತಿರುಪುಗಳ ಬದಲು ಎಪಾಕ್ಸಿಯಿಂದ ಅಂಟಿಸಿದರೆ ಲೋಹದ ತೂಕವಿಲ್ಲ. ಆಮೇಲೆ ವಾರ್ನಿಷ್. ಎಪಾಕ್ಸಿಗೆ ನೀರಿನ ಭಯವಿಲ್ಲ, ಬಿಸಿಲಿನ ಭಯವಿದೆ. ನೇರಳಾತೀತ ಕಿರಣಗಳು ಅದರ ಕೊಂಡಿಗಳನ್ನು ಕಡಿದು ಹಳದಿಗಟ್ಟಿಸುತ್ತವೆ, ಸುಣ್ಣದಂತೆ ಉದುರಿಸುತ್ತವೆ. ಆ ಕಿರಣಗಳನ್ನು ತಡೆಯುವ ವಾರ್ನಿಷ್ ಎಂದೇ ಬರೆದಿರುವುದನ್ನು ಕೊಳ್ಳಿ, ಮತ್ತು ದೋಣಿಯನ್ನು ನೆರಳಲ್ಲಿಡಿ.

ಆಸನವನ್ನು ಕಾಯಂ ಮಾಡುವ ಆತುರ ಬೇಡ. ನಕ್ಷೆಯಲ್ಲಿ ಗುರುತಿಸಿದ ಜಾಗ ಸರಾಸರಿ ಮೈಕಟ್ಟಿನದು. ನಡುವಿಗಿಂತ ಸ್ವಲ್ಪ ಹಿಂದಕ್ಕೆ, ಬಿಡಿಯಾಗಿ ಇಟ್ಟು, ಅಲೆಯಿಲ್ಲದ ಆಳ ಕಡಿಮೆಯ ನೀರಿಗೆ ಇಳಿಸಿ ಕೂತು ನೋಡಿ. ದಡದಲ್ಲಿ ಯಾರಾದರೂ ನಿಂತು ಎರಡೂ ತುದಿಗಳು ನೀರಿನಿಂದ ಎಷ್ಟು ಮೇಲಿವೆ ಎಂದು ಹೇಳಲಿ. ಮುಂತುದಿ ತಗ್ಗಿದ್ದರೆ ದೋಣಿ ಗಾಳಿಯೆದುರು ಮೂತಿ ತಿರುಗಿಸುತ್ತದೆ, ಹಿಂತುದಿ ವಿಪರೀತ ತಗ್ಗಿದ್ದರೆ ಗಾಳಿ ಸಾಗುವ ಕಡೆಗೆ ಮೂತಿ ಹೊರಳುತ್ತದೆ. ಎರಡೂ ಹೆಚ್ಚುಕಡಿಮೆ ಸಮವಾಗುವವರೆಗೆ ಸರಿಸಿ ಪೆನ್ಸಿಲ್ ಗುರುತು ಹಾಕಿ, ಮನೆಗೆ ತಂದು ರಂಧ್ರ ಕೊರೆಯಿರಿ. ಜೀವರಕ್ಷಕ ಜಾಕೆಟ್ ಆ ಮೊದಲ ಪರೀಕ್ಷೆಗೂ ಬೇಕು. ಮರದ ದೋಣಿ ಮಗುಚಿ ನೀರು ತುಂಬಿದರೂ ತಾನು ತೇಲುತ್ತದೆ, ಆದರೆ ನಿಮ್ಮನ್ನು ಹೊರುವಷ್ಟು ತೇಲುವುದಿಲ್ಲ. ಎರಡೂ ತುದಿಗಳಲ್ಲಿ ಗಾಳಿಚೀಲ ಕಟ್ಟಲು ಅಂಚುಪಟ್ಟಿಯ ಆ ಕಿಂಡಿಗಳೇ ಅನುಕೂಲವಾಗುತ್ತವೆ.